ಧಣಿಯ ಸೊಂಟದ ಚೀಲ

ಕಳೆದ ತಿಂಗಳು ಚೆನ್ನೈಯ ಟಿ. ನಗರದ ಒಂದು ಸಣ್ಣ ಸಭಾಂಗಣದಲ್ಲಿ ಅವರ ಸಂತಾಪ ಸಭೆ ನಡೆಯಿತು. ಮಾತಾಡಿದವರೆಲ್ಲ ಅವರನ್ನು ಅಜಾತಶತ್ರು ಎಂದರು. ಪ್ಯಾರೀಸ್ ಕಾರ್ನರ್‌ನಂಥ ದೊಡ್ಡ ವ್ಯಾಪಾರದ ಜಾಗದಲ್ಲಿ ಹೋಟೆಲ್ ನಡೆಸಿಯೂ, ದೇವಸ್ಥಾನಕ್ಕೆ ಹೋದರೆ ಒಳಗೆ ಕಾಲಿಡದೆ ಬಾಗಿಲಾಚೆಯೇ ನಿಂತು ಕೈಮುಗಿಯುತ್ತಿದ್ದ ವಿನಯವಂತರು ಎಂದು ಹೇಳುವಾಗ ಒಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿದೆ. ಅಳುತ್ತಿದ್ದೇನೆಂದು ತಿಳಿದು ಪಕ್ಕದವರು ನೀರಿನ ಬಾಟಲಿ ಕೊಟ್ಟರು. ನನಗೆ ಬಂದದ್ದು ನಗು. ಅವರು ಹೊರಗೆ ನಿಲ್ಲುತ್ತಿದ್ದುದು ವಿನಯದಿಂದಲ್ಲ. ಸೊಂಟದಲ್ಲಿ ಗುಂಡು ತುಂಬಿದ ರಿವಾಲ್ವರ್ ಇತ್ತು, ಅದನ್ನು ಹಿಡಿದಿಟ್ಟ ಚೀಲ ಚರ್ಮದ್ದಾಗಿತ್ತು. ಚಪ್ಪಲಿಯಾದರೆ ಹೊರಗೆ ಬಿಟ್ಟು ಟೋಕನ್ ತೆಗೆದುಕೊಳ್ಳಬಹುದು. ಇದಕ್ಕೆ ಯಾರು ಟೋಕನ್ ಕೊಡುತ್ತಾರೆ?

ಸಭೆಯಲ್ಲಿ ರಿವಾಲ್ವರಿನ ಮಾತನ್ನು ಯಾರೂ ಎತ್ತಲಿಲ್ಲ. ಅದು ಸಿಡಿದ ದಿನ ನಾನು ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ನಿಂತಿದ್ದೆ. ಈಗಲೂ ಮನೆಯಲ್ಲಿ ಮಿಕ್ಸಿ ತಟ್ಟನೆ ಶುರುವಾದರೆ ನನ್ನ ಭುಜ ಕಿವಿಯವರೆಗೆ ಏರುತ್ತದೆ. ಆದ್ದರಿಂದ ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಅವರ ಹೆಸರು ಬೇಡ. ಹೋಟೆಲಿನವರು ಧಣಿ ಎನ್ನುತ್ತಿದ್ದರು, ತಮಿಳು ಗಿರಾಕಿಗಳು ಮುದಲಾಳಿ ಎನ್ನುತ್ತಿದ್ದರು. ಧಣಿ ಸಾಕು.

ಧಣಿ ಉಡುಪಿ ಕಡೆಯವರು. ಕುಳ್ಳಗೆ, ದುಂಡಗೆ ಇದ್ದರು. ಬಿಳಿ ಪಂಚೆ, ಸಡಿಲವಾದ ಬಿಳಿ ಶರಟು, ಪಂಚೆ ನಿಲ್ಲಲು ಇಲ್ಲಿನ ಹಳೆಯ ವ್ಯಾಪಾರಿಗಳು ಕಟ್ಟುವ ಅಗಲದ ಹಸಿರು ಬೆಲ್ಟು. ಬಹಳ ವರ್ಷಗಳ ಹಿಂದೆ ಮಧ್ಯಾಹ್ನ ಬ್ಯಾಂಕಿಗೆ ನಡೆದು ಹೋಗುವಾಗ ಬೈಕಿನಲ್ಲಿ ಬಂದ ಇಬ್ಬರು ಅವರ ಕೈಚೀಲಕ್ಕೆ ಕೈಹಾಕಿದರಂತೆ. ಇವರು ಬಿಡಲಿಲ್ಲ. ಅವರು ಮೊಣಕೈಯಿಂದ ಮಣಿಕಟ್ಟಿನವರೆಗೆ ಕತ್ತಿಯಲ್ಲಿ ಸೀಳಿದರಂತೆ. ಇದನ್ನು ನಾನು ನೋಡಿಲ್ಲ, ಗಾಯದ ಗೆರೆಯನ್ನು ನೋಡಿದ್ದೇನೆ. ಆಮೇಲೆ ಧಣಿ ಕಚೇರಿಗಳಿಗೆ ಅಲೆದು ಲೈಸೆನ್ಸ್ ಮಾಡಿಸಿ ರಿವಾಲ್ವರ್ ಕೊಂಡರು. ಅಂದಿನಿಂದ ಅದಿಲ್ಲದೆ ಹೋಟೆಲಿನ ಮೆಟ್ಟಿಲು ಇಳಿದವರಲ್ಲ.

ಅದು ಬಟ್ಟೆಯ ಒಳಗೆ ಯಾರಿಗೂ ಕಾಣದಂತೆ ಇಟ್ಟುಕೊಳ್ಳಬೇಕಾದ ಆಯುಧ. ಧಣಿಯ ಹೊಟ್ಟೆಯ ದೆಸೆಯಿಂದ ಅದು ಧಣಿಗಂತೂ ಕಾಣುತ್ತಿರಲಿಲ್ಲ. ಗಲ್ಲಾದಲ್ಲಿ ಕೂತಾಗ ರಿವಾಲ್ವರಿನ ಹಿಡಿ ಪಕ್ಕೆಗೆ ಒತ್ತುತ್ತಿದ್ದುದರಿಂದ ಸದಾ ಎಡಕ್ಕೆ ವಾಲಿ ಕೂರುತ್ತಿದ್ದರು. ಗಿರಾಕಿಗಳು ಅದನ್ನು ಮೂಲವ್ಯಾಧಿ ಎಂದು ತೀರ್ಮಾನಿಸಿ ಬಿಲ್ಲು ಕೊಡುವಾಗ ತಗ್ಗಿದ ದನಿಯಲ್ಲಿ ಮದ್ದು ಹೇಳುತ್ತಿದ್ದರು. ಧಣಿ ಶ್ರದ್ಧೆಯಿಂದ ಕೇಳಿಸಿಕೊಳ್ಳುತ್ತಿದ್ದರು. "ಸುವರ್ಣಗೆಡ್ಡೆಯಾ? ಬೇಯಿಸಿಯಾ, ಹುರಿದಾ?" ಎಂದು ವಿವರವನ್ನೂ ವಿಚಾರಿಸುತ್ತಿದ್ದರು. ಆಯುಧವನ್ನು ಇದಕ್ಕಿಂತ ಚೆನ್ನಾಗಿ ಮರೆಮಾಡಿದವರನ್ನು ನಾನು ಕಂಡಿಲ್ಲ.

ಇದಕ್ಕೆಲ್ಲ ಒಬ್ಬರೇ ವಿರೋಧಿ. ಅವರು ಅಡುಗೆ ಭಟ್ಟರು. ಧಣಿ ಮತ್ತು ಭಟ್ಟರು ಒಂದೇ ಊರು, ಒಂದೇ ಶಾಲೆ, ಮದರಾಸಿಗೆ ಬಂದದ್ದೂ ಒಂದೇ ಬಸ್ಸಿನಲ್ಲಿ. ಹೋಟೆಲಿನ ಹೆಸರೆಲ್ಲ ಭಟ್ಟರ ಸಾಂಬಾರಿನದು. ಧಣಿಗೂ ಅದು ಗೊತ್ತಿತ್ತು. ಭಟ್ಟರು ಬೆಳಗಿನ ಜಾವ ಮಿಂದು ಮಡಿಯಲ್ಲಿ ಒಲೆ ಹಚ್ಚಿದರೆ ಕೆಲಸ ಮುಗಿಯುವವರೆಗೆ ಯಾರನ್ನೂ ಮುಟ್ಟುತ್ತಿರಲಿಲ್ಲ. ಅವರದು ಒಂದೇ ಷರತ್ತು.

"ಧಣಿ, ಆ ತೊಗಲು ಅಡುಗೆಮನೆ ಹೊಸ್ತಿಲು ದಾಟಿದ ದಿವಸ ನಾನು ಊರಿನ ಬಸ್ಸು ಹತ್ತುವುದು. ಮತ್ತೆ ನೀವು ಸಾಂಬಾರಿಗೂ ಬಂದೂಕು ತೋರಿಸ್ಬೇಕು, ಕುದಿ ಅಂತ."

"ಆಯ್ತು ಮಾರಾಯ್ರೆ, ಬರುದಿಲ್ಲ" ಎನ್ನುತ್ತಿದ್ದರು ಧಣಿ. ಅವರಿಗೆ ರಿವಾಲ್ವರೂ ಬೇಕು, ಭಟ್ಟರೂ ಬೇಕು. ಎರಡನ್ನೂ ಉಳಿಸಿಕೊಳ್ಳುವುದೇ ಅವರ ಜೀವನದ ದೊಡ್ಡ ರಾಜಕೀಯವಾಗಿತ್ತು.

ನಾನು ಮೈಸೂರಿನವನು. ಗಿಂಡಿಯ ಒಂದು ಲ್ಯಾಬಿನಲ್ಲಿ ಚರ್ಮ ಪರೀಕ್ಷೆ ಮಾಡುವುದು ನನ್ನ ಕೆಲಸ. ಚರ್ಮವನ್ನು ನೆನೆಸುತ್ತೇವೆ, ಬಗ್ಗಿಸುತ್ತೇವೆ, ಹರಿಯುವವರೆಗೆ ಎಳೆಯುತ್ತೇವೆ, ಎಷ್ಟು ತಡೆಯಿತೆಂದು ಬರೆದು ಕಳಿಸುತ್ತೇವೆ. ಚರ್ಮದ ವ್ಯಾಪಾರಿಗಳಿರುವ ಪೆರಿಯಮೇಟ್‌ಗೆ ಹೋದಾಗಲೆಲ್ಲ ಊಟಕ್ಕೆ ಧಣಿಯ ಹೋಟೆಲಿಗೆ ಹೋಗುತ್ತಿದ್ದೆ. ಒಂದು ದಿನ ಧಣಿ ಗಲ್ಲಾ ಬಿಟ್ಟು ಬಂದು ನನ್ನೆದುರು ಕೂತರು, ಎಡಕ್ಕೆ ವಾಲಿ.

"ನೀವು ತೊಗಲಿನ ಡಾಕ್ಟರಂತೆ, ಹೌದಾ?"

"ಡಾಕ್ಟರಲ್ಲ ಸಾರ್. ನಮ್ದೆಲ್ಲ ಸತ್ತ ಮೇಲಿನ ಕೆಲಸ."

"ಹಾಗಾದ್ರೆ ಸರಿ. ಒಂದು ಪೋಸ್ಟ್‌ಮಾರ್ಟಂ ಉಂಟು."

ಬಾಳೆ ಎಲೆ, ಮೇಲೆ ಪೇಪರು, ಮೇಲೆ ದಾರ. ಇಡ್ಲಿ ಪಾರ್ಸೆಲ್ ಎಂದುಕೊಂಡು ಬಿಚ್ಚಿದೆ. ಒಳಗೆ ರಿವಾಲ್ವರಿನ ಹೋಲ್‌ಸ್ಟರ್. ಅದನ್ನು ಅವರು ಚೀಲ ಎನ್ನುತ್ತಿದ್ದರು. ಮೆತ್ತನೆಯ, ತೆಳ್ಳನೆಯ ಚರ್ಮ, ಮೇಲೆ ಕಪ್ಪು ಬಣ್ಣ. ಬೆವರು ಕುಡಿದು ಹೊಲಿಗೆಯ ಉದ್ದಕ್ಕೂ ಹಸಿರು ಬೂಷ್ಟು ಬಂದಿತ್ತು. ಬಾಯಿ ಹಲ್ಲುಸೆಟ್ಟು ತೆಗೆದಿಟ್ಟ ಅಜ್ಜನ ಬಾಯಿಯಂತೆ ಒಳಕ್ಕೆ ಕುಸಿದಿತ್ತು.

"ಇದು ಹೋಗಿದೆ ಸಾರ್" ಎಂದೆ.

"ಎಂತ ಮದ್ದು ಇಲ್ವಾ?"

"ಇಲ್ಲ. ಬಾಯಿ ಕುಸಿದಿದೆ ನೋಡಿ. ಗನ್ನು ತೆಗೆದಾಗಲೂ ಇದು ತೆರಕೊಂಡೇ ಇರ್ಬೇಕು. ಇಲ್ಲಾಂದ್ರೆ ವಾಪಸ್ ಹಾಕುವಾಗ ಅಂಚು ಮಡಚಿ ಒಳಗೆ ಹೋಗುತ್ತೆ. ಕುದುರೆಗೆ, ಅದೇ ಟ್ರಿಗರ್‌ಗೆ, ಸಿಕ್ಕಿಕೊಂಡ್ರೆ ನೀವು ಬೆರಳೇ ಇಡದೆ ಹಾರುತ್ತೆ."

ಧಣಿ ಚೀಲವನ್ನು ಮಗುಚಿ ನೋಡಿ, "ಹಾರಿದ್ರೆ ಎಲ್ಲಿಗೆ ಹೋಗ್ತದೆ?" ಎಂದರು. ಅದರ ಮೂತಿ ಯಾವ ದಿಕ್ಕಿಗಿರುತ್ತದೆಂದು ಅವರ ದೇಹದ ಮೇಲೇ ತೋರಿಸಿದೆ. ಮುಂದಿನ ಭಾನುವಾರವೇ ನನ್ನನ್ನೂ ಕರೆದುಕೊಂಡು ಪೆರಿಯಮೇಟ್‌ಗೆ ಹೊರಟರು.

ಆ ಭಾನುವಾರವನ್ನು ಮರೆಯಲಾರೆ. ಅಂಗಡಿಯವನು ಯಾವ ಪ್ರಾಣಿಯದು ಬೇಕು ಎಂದು ತಮಿಳಿನಲ್ಲಿ ಕೇಳಿದ. ದನದ್ದು ಬೇಡ, ಅದು ದೇವರು ಎಂದರು ಧಣಿ. ಹಾಗಾದರೆ ಎಮ್ಮೆ ಎಂದು ಅವನು ದಪ್ಪನೆಯ ತುಂಡೊಂದನ್ನು ಎಳೆದು ಹಾಕಿದ. ಧಣಿ ಒಪ್ಪಿ ತಲೆಯಾಡಿಸಿದರು. "ನಿಮ್ಮ ಕಾಫಿಗೆ ಯಾವ ಹಾಲು ಮುದಲಾಳಿ?" ಎಂದು ಅವನು ಕೇಳಿದ. ಧಣಿ ನನ್ನ ಕಡೆ ತಿರುಗಿ, "ಈ ಮನುಷ್ಯ ವ್ಯಾಪಾರ ಮಾಡ್ಲಿಕ್ಕೆ ಕೂತದ್ದಾ, ವೇದಾಂತ ಹೇಳ್ಲಿಕ್ಕೆ ಕೂತದ್ದಾ?" ಎಂದರು. ಅವರ ಕಾಫಿಗೆ ಹೋಗುತ್ತಿದ್ದುದು ಎಮ್ಮೆಯ ಹಾಲೇ.

ನಾನು ತುಂಡುಗಳನ್ನು ಒಂದೊಂದಾಗಿ ಮಡಚಿ ನೋಡಿದೆ. ಹೊರಮೈ ಒಳಕ್ಕೆ ಬರುವಂತೆ ಮಡಚಿದಾಗ ನೆರಿಗೆ ಸಣ್ಣಗೆ, ಬಿಗಿಯಾಗಿ ಮೂಡಬೇಕು. ಸಡಿಲವಾಗಿ ಉಬ್ಬಿದರೆ ಅದು ಪ್ರಾಣಿಯ ಹೊಟ್ಟೆ ಭಾಗ. "ಬೆನ್ನಿನ ಕಡೇದು ತಗೊಳ್ಳೋಣ ಸಾರ್. ಹೊಟ್ಟೆ ಭಾಗ ಬಳಸ್ತಾ ಬಳಸ್ತಾ ಹಿಗ್ಗುತ್ತೆ" ಎಂದೆ. ಧಣಿ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು, "ಇದನ್ನು ತಿಳಿಯಲಿಕ್ಕೆ ಲ್ಯಾಬು ಬೇಡ" ಎಂದರು.

ಕ್ರೋಮ್ ಲವಣದಲ್ಲಿ ಬೇಗನೆ ಹದ ಮಾಡಿದ ಚರ್ಮ ಮೆತ್ತಗಿರುತ್ತದೆ, ಅದು ಬೂಟಿಗೆ, ಬ್ಯಾಗಿಗೆ ಸರಿ. ಆಕಾರ ಹಿಡಿದು ಗಟ್ಟಿಯಾಗಿ ನಿಲ್ಲುವುದು ತೊಗಟೆ, ಕಾಯಿಗಳ ರಸದಲ್ಲಿ ವಾರಗಟ್ಟಲೆ ನೆನೆದು ಹದವಾದ ಚರ್ಮ. ತಂಗಡಿ ತೊಗಟೆ, ಅಳಲೆಕಾಯಿ ಎಂದು ನಾನು ಹೇಳುತ್ತಿದ್ದಂತೆ ಧಣಿಯ ಮುಖ ಅರಳಿತು.

"ಅಳಲೆಕಾಯಾ? ಅದು ನಮ್ಮ ಅಜ್ಜಿ ಹೊಟ್ಟೆಗೆ ಕೊಡ್ತಿದ್ದದ್ದು! ಹಾಗಾದ್ರೆ ಭಟ್ರಿಗೆ ಹೇಳುವ, ಇದು ತೊಗಲಲ್ಲ, ಒಂದು ನಮೂನೆ ಕಷಾಯ ಅಂತ."

ಹೋಗಿ ಹೇಳಿದರು ಕೂಡ. ಭಟ್ಟರು ಸೌಟು ಎತ್ತದೆ ಕೇಳಿದರು: "ಕಷಾಯಕ್ಕೆ ಇಲಿ ಬಿದ್ರೆ ಅದು ಶುಂಠಿ ಆಗ್ತದಾ ಧಣಿ?"

ಹೊಲಿಯುವವನು ಚರ್ಮವನ್ನು ನೀರಿನಲ್ಲಿ ನೆನೆಸಿ, ಗುಂಡು ತೆಗೆದ ರಿವಾಲ್ವರಿನ ಸುತ್ತ ಒತ್ತಿ ಆಕಾರ ತಂದ. ಫ್ಯಾನಿನ ಗಾಳಿಗೆ ನಿಧಾನವಾಗಿ ಒಣಗಿಸಿದ. ಬಾಯಿಯ ಸುತ್ತ ಇನ್ನೊಂದು ಪದರ ಪಟ್ಟಿ ಸೇರಿಸಿದ. ನನಗೇ ಒಂದು ಕೊಳ್ಳೋಣ ಅನ್ನಿಸುವಷ್ಟು ಚೆಂದವಿತ್ತು, ಅದರಲ್ಲಿಡಲು ನನ್ನ ಬಳಿ ಕನ್ನಡಕ ಬಿಟ್ಟರೆ ಏನೂ ಇರಲಿಲ್ಲ. ಆರೈಕೆಯ ವಿಷಯವನ್ನು ಧಣಿಗೆ ಬಿಡಿಸಿ ಹೇಳಿದೆ. ಬೆವರಾದರೆ ಒಣಬಟ್ಟೆಯಲ್ಲಿ ಒರೆಸಿ. ಬಿಸಿಲಿಗೆ ಇಡಬೇಡಿ. ಮಲಗುವಾಗ ರಿವಾಲ್ವರ್ ಅದರಲ್ಲೇ ಬಿಡಬೇಡಿ, ತುಕ್ಕು ಹಿಡಿಯುತ್ತದೆ. ಯಾವಾಗಾದರೊಮ್ಮೆ ಚೂರು ಮೇಣ ಸವರಿ. ಎಣ್ಣೆ ಮಾತ್ರ ಬೇಡವೇ ಬೇಡ.

ಧಣಿ ಎಲ್ಲದಕ್ಕೂ ಹ್ಞೂಂ ಎಂದರು. ಕೊನೆಯದಕ್ಕೂ ಹ್ಞೂಂ ಎಂದರು, ಆದರೆ ಒಬ್ಬ ಹೋಟೆಲಿನವನಿಗೆ ಎಣ್ಣೆ ಬೇಡ ಎಂದವನ ಬುದ್ಧಿಯ ಬಗ್ಗೆ ಅವರಿಗೆ ಅನುಮಾನ ಬಂದದ್ದು ಕಣ್ಣಲ್ಲೇ ಕಂಡಿತು.

ಕೆಲವು ತಿಂಗಳ ಮೇಲೆ ಗಲ್ಲಾದ ಬಳಿ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಧಣಿಯ ತಲೆಯಲ್ಲಿ ಎಣ್ಣೆ ಹಚ್ಚುವಷ್ಟು ಕೂದಲಿರಲಿಲ್ಲ.

"ಸಾರ್, ಅದಕ್ಕೆ ಎಣ್ಣೆ ಹಾಕಿದ್ರಾ?"

"ಬಾಯಿ ಪಟ್ಟಿ ಹೊಟ್ಟೆಗೆ ಚುಚ್ಚುತ್ತದೆ ಮಾರಾಯ್ರೆ. ಸ್ವಲ್ಪ ಪಳಗಿಸುವ ಅಂತ."

"ಪಳಗಿಸೋಕೆ ಅದೇನು ದೋಸೆ ಕಾವಲಿಯಾ?"

"ಮತ್ತೆ? ಹೊಸ ಕಾವಲಿಯಲ್ಲಿ ದೋಸೆ ಏಳ್ತದಾ? ಎಣ್ಣೆ ಕುಡಿಸಿ, ಬಿಸಿ ಮಾಡಿ, ಪುನಃ ಎಣ್ಣೆ ಕುಡಿಸಿದ್ರೆ ಆಮೇಲೆ ಬೆಣ್ಣೆಯ ಹಾಗೆ ಬರ್ತದೆ. ಎಣ್ಣೆ ಹಚ್ಚಿ ಹಾಳಾದದ್ದು ಒಂದು ತೋರಿಸಿ ನೋಡುವ."

ವಾರಕ್ಕೊಮ್ಮೆ ಎಣ್ಣೆ ಮೆತ್ತಿ ಮನೆಯ ತಾರಸಿಯಲ್ಲಿ ಹಪ್ಪಳದ ಚಾಪೆಯ ಮೇಲೆ ಬಿಸಿಲಿಗೆ ಇಡುತ್ತಿದ್ದರಂತೆ. ಹಪ್ಪಳ ತಿರುವಿ ಹಾಕಲು ಹೋದ ಅವರ ಹೆಂಡತಿ ಅದನ್ನೂ ತಿರುವಿ ಹಾಕಿ, ಆಮೇಲೆ ಏನೆಂದು ತಿಳಿದು, ಅಷ್ಟೂ ಹಪ್ಪಳವನ್ನು ಕಾಗೆಗೆ ಎಸೆದರಂತೆ. ಇದು ಕೇಳಿದ ಮಾತು. ಚರ್ಮದ ಸ್ಥಿತಿಯನ್ನು ಮಾತ್ರ ನಾನೇ ಮುಟ್ಟಿ ನೋಡಿದೆ. ಹೆಬ್ಬೆರಳು ಒತ್ತಿದರೆ ನಿನ್ನೆಯ ಚಪಾತಿಯಂತೆ ಬಾಗುತ್ತಿತ್ತು. ಇದನ್ನು ಬಳಸಬೇಡಿ ಎಂದೆ. "ಹಬ್ಬ ಕಳೀಲಿ, ಹೊಸದು ಮಾಡಿಸುವ" ಎಂದರು.

ಹಬ್ಬ ಎಂದರೆ ಆಯುಧಪೂಜೆ. ಆ ದಿನ ಹೋಟೆಲಿನಲ್ಲಿ ಗ್ರೈಂಡರಿನಿಂದ ಹಿಡಿದು ತೆಂಗಿನಕಾಯಿ ತುರಿಯುವ ಮಣೆಯವರೆಗೆ ಎಲ್ಲಕ್ಕೂ ಗಂಧ, ಕುಂಕುಮ. ಪೂಜೆ ಅಡುಗೆಮನೆಯಲ್ಲೇ. ರಿವಾಲ್ವರಿಗೂ ಒಂದು ಮಣೆ ಉಂಟು, ಆದರೆ ಭಟ್ಟರ ಕಾನೂನು ಸ್ಪಷ್ಟ: ಕಬ್ಬಿಣ ಒಳಗೆ ಬರಲಿ, ತೊಗಲು ಹೊರಗಿರಲಿ. ರಿವಾಲ್ವರ್ ಸೌಟುಗಳ ನಡುವೆ ಹೂ ಮುಡಿದು ಕೂತಿತು. ಚೀಲ ಹೊಸ್ತಿಲ ಹೊರಗಿನ ಮೊಳೆಯಲ್ಲಿ ನೇತಾಡಿತು. ಗುಂಡುಗಳನ್ನು ತೆಗೆದಿಡಿ ಎಂದು ನಾನು ಹೇಳಿದೆ. ಧಣಿ ಕಿವಿ ಮುಚ್ಚಿಕೊಂಡರು. "ಗುಂಡಿಲ್ಲದ್ದು ಆಯುಧ ಎಂತ ಆಯ್ತು? ಖಾಲಿ ಕಬ್ಬಿಣ ಇಟ್ಟು ದೇವಿಗೆ ಮೋಸ ಮಾಡುದಾ?"

ಮರುದಿನ ವಿಜಯದಶಮಿಯ ಬೆಳಿಗ್ಗೆ ಆಯುಧಗಳನ್ನು ಮತ್ತೆ ಕೈಗೆತ್ತಿಕೊಳ್ಳುವುದು ಅಲ್ಲಿಯ ಪದ್ಧತಿ. ಭಟ್ಟರು ಸೌಟು ಎತ್ತಿ ಒಮ್ಮೆ ಸಾಂಬಾರು ತಿರುವಿದರು. ಧಣಿ ರಿವಾಲ್ವರ್ ಎತ್ತಿ, ಗಂಧವನ್ನು ಪಂಚೆಗೆ ಒರೆಸಿ, ಹೊಸ್ತಿಲು ದಾಟಿ ಹೊರಗೆ ಬಂದರು. ಚೀಲವನ್ನು ಬೆಲ್ಟಿನ ಒಳಗೆ ಆಗಲೇ ಸಿಕ್ಕಿಸಿಕೊಂಡಿದ್ದರು. ಭಟ್ಟರು ಪುರಿ, ಬೆಲ್ಲದ ಪ್ರಸಾದದ ತಟ್ಟೆ ಹಿಡಿದು ಹೊಸ್ತಿಲ ಒಳಗೆ ನಿಂತರು. ನಾನು ಪಕ್ಕದಲ್ಲಿ ಕಾಫಿ ಲೋಟ ಹಿಡಿದಿದ್ದೆ. ಧಣಿ ರಿವಾಲ್ವರನ್ನು ಚೀಲಕ್ಕೆ ಇಳಿಸಿದರು. ಅದು ಅರ್ಧಕ್ಕೆ ನಿಂತಿತು. ಅವರು ಕೆಳಗೆ ನೋಡಿದರು, ಹೊಟ್ಟೆ ಅಡ್ಡ ಬಂತು. ಆಗ ಗೋಣಿಗೆ ಅಕ್ಕಿ ಜಡಿಯುವವರಂತೆ ಅಂಗೈಯಿಂದ ಗಟ್ಟಿಯಾಗಿ ಒತ್ತಿದರು.

ಅಂಥ ರಿವಾಲ್ವರಿನ ಕುದುರೆ ಬಿಗಿಯಾಗಿರುತ್ತದೆ, ಬೆರಳಿನಿಂದ ಎಳೆಯಬೇಕಾದರೆ ಮನಸ್ಸಿಟ್ಟೇ ಎಳೆಯಬೇಕು. ಆದರೆ ಮೇಲಿನಿಂದ ಇಡೀ ದೇಹದ ಭಾರ ಬಿದ್ದು, ಕೆಳಗೆ ಚರ್ಮದ ಮಡಿಕೆ ಅಡ್ಡ ನಿಂತಿದ್ದರೆ ಬೆರಳೂ ಬೇಡ, ಮನಸ್ಸೂ ಬೇಡ.

ಸದ್ದು ಕೇಳಿದ್ದು ನೆನಪಿಲ್ಲ. ಆಮೇಲಿನ ಮೌನ ನೆನಪಿದೆ. ಕಾಫಿ ನನ್ನ ಶರಟಿನ ಮೇಲಿತ್ತು. ಧಣಿಯ ಪಂಚೆಯಲ್ಲಿ ಒಂದು ಕಪ್ಪು ತೂತು, ಅದರ ಅಂಚಿನಿಂದ ಹೊಗೆ. ಗುಂಡು ನೆಲದ ಕಡಪ ಕಲ್ಲಿಗೆ ಬಡಿದಿತ್ತು. ಕಲ್ಲಿನ ಚೂರುಗಳು ಹೊಸ್ತಿಲು ದಾಟಿ ಹಾರಿದ್ದವು. ಭಟ್ಟರು ನೆಲದ ಮೇಲೆ ಕೂತಿದ್ದರು, ಎಡಗಾಲಿನ ಮೀನಖಂಡದಿಂದ ರಕ್ತ ಇಳಿಯುತ್ತಿತ್ತು. ತಟ್ಟೆ ಇನ್ನೂ ಅವರ ಕೈಯಲ್ಲಿ ನೆಟ್ಟಗಿತ್ತು, ಒಂದು ಪುರಿಯೂ ಬಿದ್ದಿರಲಿಲ್ಲ.

"ಧಣಿ, ಪ್ರಸಾದ ತಗೊಳ್ಳಿ ಮೊದಲು. ಕೈ ಸೋಲ್ತದೆ" ಎಂದರು ಭಟ್ಟರು.

ಹೊರಗೆ ಗಿರಾಕಿಗಳು ಪಟಾಕಿ ಎಂದುಕೊಂಡರು. ಒಬ್ಬರು ಇನ್ನೊಂದು ವಡೆ ಕೇಳಿದ್ದು ನನ್ನ ಕಿವಿಗೆ ಬಿತ್ತು.

ಕ್ಲಿನಿಕ್ಕಿನಲ್ಲಿ ಡಾಕ್ಟರು ಚೂರು ತೆಗೆಯುತ್ತಾ ಹೇಗಾಯಿತು ಎಂದು ಕೇಳಿದರು. "ಗ್ರೈಂಡರ್ ಕಲ್ಲು ಸಿಡಿದದ್ದು" ಎಂದರು ಭಟ್ಟರು, ಧಣಿಯ ಮುಖ ನೋಡದೆ.

"ಅಲ್ಲ" ಎಂದರು ಧಣಿ. "ನಾನು ಗುಂಡು ಹೊಡೆದದ್ದು."

"ಹೊಡೆದದ್ದಲ್ಲ ಡಾಕ್ಟ್ರೆ, ಹೋದದ್ದು" ಎಂದರು ಭಟ್ಟರು. "ಗುರಿ ಇಟ್ಟು ಹೊಡೀಲಿಕ್ಕೆ ಇವನಿಗೆ ಬರುದಿಲ್ಲ." ಅವರು ಧಣಿಯನ್ನು ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಲ್ಲಿಂದ ಧಣಿ ನೇರ ಪೊಲೀಸ್ ಠಾಣೆಗೆ ನಡೆದರು. ನನ್ನನ್ನೂ ಕರೆದುಕೊಂಡು ಹೋದರು. "ನೀವು ನೋಡಿದ್ದನ್ನು ನೋಡಿದ ಹಾಗೇ ಹೇಳಿ. ನನ್ನನ್ನು ಉಳಿಸ್ಲಿಕ್ಕೆ ಹೋಗ್ಬೇಡಿ" ಎಂದರು. ಚೀಲದ ಬಾಯಿ ಹೇಗೆ ಮಡಚಿತೆಂದು ಅಧಿಕಾರಿಗೆ ಹೆಬ್ಬೆರಳಿನಲ್ಲಿ ಒತ್ತಿ ತೋರಿಸಿದೆ. ಅವರೂ ಒತ್ತಿ, ತಮ್ಮ ಬೆರಳು ಮೂಸಿ ನೋಡಿಕೊಂಡು, "ಇದು ತಲೆಗೆ ಹಚ್ಚೋ ಎಣ್ಣೆಯಾ, ಅಡುಗೆಗೆ ಹಾಕೋದಾ?" ಎಂದು ತಮಿಳಿನಲ್ಲಿ ಕೇಳಿದರು. "ಎರಡಕ್ಕೂ ಆಗ್ತದೆ" ಎಂದರು ಧಣಿ. ರಿವಾಲ್ವರನ್ನು ಅಲ್ಲೇ ಒಪ್ಪಿಸಿದರು. ಲೈಸೆನ್ಸ್ ಬೇಡವೆಂದು ಆಮೇಲೆ ತಾವೇ ಬರೆದುಕೊಟ್ಟರು.

ಭಟ್ಟರು ಎರಡು ಬೀದಿಯಾಚೆಯ ತಮ್ಮ ಕೋಣೆಯಲ್ಲಿ ಮಲಗಿದರು. ಗಾಯ ಮಾಗುತ್ತಾ ಬಂದರೂ ಕೆಲಸಕ್ಕೆ ಬರಲಿಲ್ಲ, ಬರುತ್ತೇನೆಂದೂ ಹೇಳಿಕಳಿಸಲಿಲ್ಲ. ಊರಿನ ಬಸ್ಸಿಗೆ ಟಿಕೆಟ್ ಆಗಿದೆ ಎಂದು ಹೋಟೆಲಿನಲ್ಲಿ ಸುದ್ದಿ ಹಬ್ಬಿತು. ಸಾಂಬಾರು ದಿನಕ್ಕೊಂದು ರುಚಿಯಾಯಿತು, ಯಾವುದೂ ಸಾಂಬಾರಿನದಲ್ಲ. ಧಣಿ ಊಟದ ಕ್ಯಾರಿಯರ್ ಕಳಿಸುತ್ತಿದ್ದರು, ತಾವು ಹೋಗಲಿಲ್ಲ. ಎಲ್ಲರೂ ಇದನ್ನು ಹಮ್ಮು ಎಂದರು. ನಾನೂ ಹಾಗೇ ತಿಳಿದಿದ್ದೆ. ಒಂದು ಮಧ್ಯಾಹ್ನ ಅವರು ಬಾಗಿಲಿನವರೆಗೆ ಬಂದು, ಕೈ ಸೊಂಟಕ್ಕೆ ಹೋಗಿ, ಅಲ್ಲಿ ಏನೂ ಇಲ್ಲದೆ, ತಿರುಗಿ ಗಲ್ಲಾಕ್ಕೆ ಹೋಗಿ ಕೂತದ್ದನ್ನು ಕಂಡೆ. ಈಗ ನೆಟ್ಟಗೆ ಕೂರುತ್ತಿದ್ದರು. ಮೂಲವ್ಯಾಧಿ ವಾಸಿಯಾಯಿತೆಂದು ಒಬ್ಬ ಗಿರಾಕಿ ಅಭಿನಂದಿಸಿದರು.

"ಸಾರ್, ನಾನು ಜೊತೆಗೆ ಬರ್ತೀನಿ, ನಡೀರಿ" ಎಂದೆ.

"ಬೈಕು ತುಂಬ ಉಂಟು ಮಾರಾಯ್ರೆ ಹೊರಗೆ" ಎಂದರು. ಅಷ್ಟೇ ಹೇಳಿದರು. ಆದರೂ ಎದ್ದರು.

ಆ ಎರಡು ಬೀದಿಯನ್ನು ಅವರು ಗೋಡೆಗೆ ಭುಜ ತಾಗಿಸಿಕೊಂಡು ದಾಟಿದರು. ಕೋಣೆಯಲ್ಲಿ ಭಟ್ಟರು ಕಾಲು ಚಾಚಿ ಕೂತು ಕ್ಯಾರಿಯರಿನ ಸಾಂಬಾರನ್ನು ಬೆರಳಲ್ಲಿ ಅದ್ದಿ ನೋಡುತ್ತಿದ್ದರು.

"ಇದು ಯಾರ ಕೆಲಸ? ಮನುಷ್ಯರಿಗೆ ಮಾಡಿದ್ದಾ?"

"ನೀನು ಊರಿಗೆ ಹೋಗ್ತಿಯಂತೆ" ಎಂದರು ಧಣಿ, ಬಾಗಿಲಲ್ಲೇ ನಿಂತು.

"ಹೋಗುವ ಅಂತಲೇ. ನೀನು ಎಂತಕ್ಕೆ ಬಂದದ್ದು?"

"ಹೋಗ್ಬೇಡ ಅಂತ ಹೇಳ್ಲಿಕ್ಕೆ."

"ಅದು ಎಲ್ಲಿ ಉಂಟು?"

"ಕೊಟ್ಟೆ. ಇನ್ನು ಇಲ್ಲ."

ಭಟ್ಟರು ಅವರನ್ನು ಮೇಲಿಂದ ಕೆಳಗೆ ನೋಡಿದರು. ಶರಟು ಬೆವರಿನಲ್ಲಿ ತೊಯ್ದು ಅಂಟಿತ್ತು. "ನಡೆದು ಬಂದ್ಯಾ? ಅದಿಲ್ಲದೆ?"

"ಹ್ಞೂಂ."

"ಹೆದರಿಕೆ ಆಯ್ತಾ?"

"ಆಯ್ತು ಮಾರಾಯ. ಈಗಲೂ ಉಂಟು. ವಾಪಸ್ಸು ಹೋಗ್ಬೇಕಲ್ಲ."

ಭಟ್ಟರು ಎದ್ದರು. ಕುಂಟುತ್ತಾ ಬಚ್ಚಲಿಗೆ ಹೋಗಿ ಮಿಂದು, ಒದ್ದೆ ಜುಟ್ಟಿನಲ್ಲಿ, ಒಗೆದ ಪಂಚೆಯುಟ್ಟು ಹೊರಬಂದರು. "ನಡಿ. ಹುಳಿ ನೆನೆಹಾಕಿದ್ದಾರೋ ಇಲ್ವೋ" ಎಂದರು.

ಮೂವರೂ ಬೀದಿಗೆ ಇಳಿದೆವು. ನಾನು ಹಿಂದೆ, ಅವರಿಬ್ಬರು ಮುಂದೆ, ಭಟ್ಟರ ಮಡಿಗೆ ತಾಗದಂತೆ ಧಣಿ ಒಂದು ಮೊಳ ದೂರ. ತಿರುವಿನಲ್ಲಿ ಒಂದು ಬೈಕು ಹಾರ್ನ್ ಇಲ್ಲದೆ ಧಣಿಯ ಪಕ್ಕಕ್ಕೇ ಉಜ್ಜಿಕೊಂಡಂತೆ ನುಗ್ಗಿ ಹೋಯಿತು. ಅದರಲ್ಲಿ ಇಬ್ಬರಿದ್ದರು. ಅವರು ಯಾರೋ, ಅವರ ಪಾಡಿಗೆ ಹೋದರು. ಧಣಿಯ ಕೈ ಸೊಂಟಕ್ಕೆ ಹೋಯಿತು, ತಡಕಾಡಿತು, ಆಮೇಲೆ ಭಟ್ಟರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು.

ಭಟ್ಟರು ನಿಂತರು. ಹಿಡಿದ ಕೈಯನ್ನು ನೋಡಿದರು, ಧಣಿಯ ಮುಖ ನೋಡಿದರು.

"ಇನ್ನು ನಾನು ಪುನಃ ಮೀಯಬೇಕು. ಸಮಾಧಾನ ಆಯ್ತಾ ನಿನಗೆ?" ಎಂದರು.

ಹೋಟೆಲಿನ ಮೆಟ್ಟಿಲವರೆಗೂ ಬೈಯುತ್ತಲೇ ನಡೆದರು. ಕೈ ಬಿಡಿಸಿಕೊಳ್ಳಲಿಲ್ಲ.